ಗಡಿ ದಾಟಿದರೆ ಗಡಿಯಾರ ತಿದ್ದಬೇಕು!

ಗೆಳೆಯರೇ, ಬೆನ್ನಿಗೊಂದು ಚೀಲ ಹಾಕ್ಕೊಂಡು ಒಬ್ಬರೇ ಪರದೇಶ ನೋಡೋಕೆ ಹೋಗುವವರಿದ್ದಾರೆ. ಹೊಸ ದೇಶ ಮುಟ್ಟಿದ ದಿನ ಅವರು ಏನೇನು ಮಾಡಬೇಕು ಗೊತ್ತಾ? ನೇಪಾಳವನ್ನೇ ತಗೊಳ್ಳೋಣ.

ಉತ್ತರ ಪ್ರದೇಶದ ಗೋರಖ್‌ಪುರದವರೆಗೆ ರೈಲು. ಅಲ್ಲಿಂದ ಬಸ್ಸಿನಲ್ಲಿ ಸುಮಾರು 100 ಕಿ.ಮೀ. ಹೋದರೆ ಸೊನೌಲಿ. ಅಲ್ಲಿ ನಡೆದುಕೊಂಡೇ ಗಡಿ ದಾಟಬಹುದು!

1. ಕಾಗದ: ಭಾರತೀಯರಿಗೆ ವೀಸಾ ಬೇಡ. ಆದರೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಇರಲೇಬೇಕು. ಬೇರೆ ದೇಶದವರು ಎರಡೂ ಕಡೆಯ ಕಚೇರಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಬೇಕು.

2. ದುಡ್ಡು: 1993ರಿಂದ ನಮ್ಮ 100 ರೂಪಾಯಿಗೆ 160 ನೇಪಾಳಿ ರೂಪಾಯಿ. ಅಂಗಡಿಯವರು "ಎಂಬತ್ತು ರೂಪಾಯಿ" ಅಂದ್ರೆ "ಯಾವ ದೇಶದ್ದು?" ಅಂತ ಕೇಳಬೇಕು. ನೇಪಾಳದ 80 ಅಂದ್ರೆ ನಮ್ಮ 50 ಮಾತ್ರ. ಕೇಳದಿದ್ರೆ 30 ರೂಪಾಯಿ ನಷ್ಟ!

3. ಗಡಿಯಾರ: ನಮ್ಮ ಸಮಯ 82½ ಡಿಗ್ರಿ ರೇಖಾಂಶದ್ದು. ನೇಪಾಳದ್ದು ಗೌರೀಶಂಕರ ಪರ್ವತದ ಹತ್ತಿರ ಹಾದುಹೋಗುವ 86¼ ಡಿಗ್ರಿಯದು. ವ್ಯತ್ಯಾಸ 3¾ ಡಿಗ್ರಿ. ಒಂದು ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿ, 15 ನಿಮಿಷ ಬರುತ್ತೆ. ಗಡಿಯಾರವನ್ನು ಅಷ್ಟು ಮುಂದಿಡದಿದ್ರೆ ಅಲ್ಲಿ ಬಸ್ಸು ತಪ್ಪುತ್ತೆ.

ಜೊತೆಗಾರರಿದ್ದರೆ ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸ್ತಾರೆ. ಒಂಟಿ ಪ್ರಯಾಣಿಕರಿಗೆ ಅವರೇ ದಿಕ್ಕು. ಆದ್ದರಿಂದ ಕತ್ತಲಾಗುವ ಮುಂಚೆ ತಂಗುವ ಜಾಗ ಸೇರಿ, ಮನೆಗೆ ಸುದ್ದಿ ಮುಟ್ಟಿಸಬೇಕು.

ಮರುದಿನ ಬುದ್ಧ ಹುಟ್ಟಿದ ಲುಂಬಿನಿ ನೋಡಬಹುದು. ಅಲ್ಲಿ ಅಶೋಕನ ಕಲ್ಲಿನ ಕಂಬವಿದೆ. ಅದರ ಮೇಲಿರುವುದು ಬ್ರಾಹ್ಮೀ ಲಿಪಿ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿ ಶಾಸನದ್ದೂ ಅದೇ ಲಿಪಿ!