ಒಲೆ ಹೊತ್ತಿಸದ ರಾತ್ರಿಯೂಟ

ರಾಮನವಮಿಯ ದಿನ ಪಾನಕದೊಡನೆ ಕೈಗೆ ಬರುವ ಕೋಸಂಬರಿಯನ್ನು ಯಾರೂ ಪಥ್ಯವೆಂದು ತಿನ್ನುವುದಿಲ್ಲ. ರುಚಿಯೆಂದೇ ತಿಂದು ಇನ್ನೊಂದು ಹಿಡಿಗಾಗಿ ಕೈಯೊಡ್ಡುತ್ತಾರೆ. ನೆನೆದ ಹೆಸರುಬೇಳೆ, ಸೌತೆಕಾಯಿ, ತೆಂಗಿನ ತುರಿ, ನಿಂಬೆಯ ರಸ. ಒಗ್ಗರಣೆಯೊಂದನ್ನು ಬಿಟ್ಟರೆ ಅದರಲ್ಲಿ ಬೆಂಕಿಯ ಸೋಂಕೇ ಇಲ್ಲ. ಆದರೆ ಕೋಸಂಬರಿ ಎಲೆಯ ಅಂಚಿನಲ್ಲಿ ಬಡಿಸುವ ಪದಾರ್ಥ. ಅದನ್ನೇ ಎಲೆಯ ನಡುವಿಗೆ ತಂದು, ಅನ್ನ ಹುಳಿಗಳನ್ನು ದೂರವಿಟ್ಟು, ಹಾಲು ಮೊಸರು ತುಪ್ಪಗಳನ್ನೂ ತ್ಯಜಿಸಿ ರಾತ್ರಿಯೂಟ ಮುಗಿಸುವುದು ಬೇರೆಯೇ ಮಾತು.

ಗಾಂಧೀಜಿಯವರು 1929ರಲ್ಲಿ ಇಂಥ ಪ್ರಯೋಗಕ್ಕೆ ಕೈಹಾಕಿದ್ದರು. ಮೊಳೆತ ಗೋಧಿ, ಬಾದಾಮಿಯ ಹಿಟ್ಟು, ಹಸಿ ಸೊಪ್ಪು, ನಿಂಬೆಹಣ್ಣು, ಜೇನು ಇವೇ ಅವರ ಆಹಾರವಾಗಿದ್ದುವು. ಕೆಲವು ತಿಂಗಳುಗಳಲ್ಲಿಯೇ ಆಮಶಂಕೆಗೆ ತುತ್ತಾಗಿ ಮತ್ತೆ ಆಡಿನ ಹಾಲಿಗೆ ಮರಳಿದರು. ಅಷ್ಟು ಸಂಯಮಿಗಳಿಗೇ ಒಗ್ಗದ ವ್ರತವನ್ನು ಸಂಸಾರವಂದಿಗರು ನಿತ್ಯವೂ ಹಿಡಿಯಬೇಕಾಗಿಲ್ಲ. ವಾರಕ್ಕೊಂದು ರಾತ್ರಿ ಸಾಕು.

ಸೌತೆಕಾಯಿಯ ನೂರು ಪಾಲಿನಲ್ಲಿ ಸುಮಾರು 95 ಪಾಲು ನೀರು. ಬರಿಯ ತರಕಾರಿ ತಿಂದು ಮಲಗಿದವರು ನಡುರಾತ್ರಿಯಲ್ಲೆದ್ದು ಚಕ್ಕುಲಿಯ ಡಬ್ಬಕ್ಕೆ ಕೈಹಾಕುವುದು ಇದರಿಂದಲೇ. ಊಟಕ್ಕೆ ಬಲ ಬರುವುದು ಕಾಳಿನಿಂದ, ಬೀಜದಿಂದ, ತೆಂಗಿನಿಂದ. ನಾಲ್ವರಿಗೆ 200 ಗ್ರಾಂ ಹೆಸರುಕಾಳು, 100 ಗ್ರಾಂ ಹೆಸರುಬೇಳೆ, 100 ಗ್ರಾಂ ಹುರಿಯದ ಕಡಲೆಕಾಯಿ ಬೀಜ ಇದ್ದರೆ ಒಬ್ಬೊಬ್ಬರಿಗೂ 20 ಗ್ರಾಂಗಿಂತ ಮಿಗಿಲಾಗಿ ಸಸಾರಜನಕ ದೊರೆಯುತ್ತದೆ.

ಸಿದ್ಧತೆ ಹಿಂದಿನ ಸಂಜೆಯೇ ಆರಂಭವಾಗಬೇಕು. ಹೆಸರುಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಬೇಸಗೆಯಲ್ಲಿ ಸಂಜೆಯ ಹೊತ್ತಿಗೆ ಮೊಳಕೆ ಇಣುಕುತ್ತದೆ; ಚಳಿಗಾಲದಲ್ಲಿ ಇನ್ನೊಂದು ದಿನ ತಾಳಬೇಕು. ಒಣಕಾಳಿನಲ್ಲಿ ಇಲ್ಲವೆಂಬಷ್ಟು ಅಲ್ಪವಾಗಿರುವ 'ಸಿ' ಜೀವಸತ್ವ ಮೊಳಕೆಯಲ್ಲಿ ಹೆಚ್ಚುತ್ತದೆ. ನಿಂಬೆ ಹಿಂಡಿದರೆ ಕಾಳಿನ ಕಬ್ಬಿಣದ ಅಂಶವೂ ಮೈಗೆ ಚೆನ್ನಾಗಿ ಹತ್ತುತ್ತದೆ. ಬೇಳೆಗೆ ಎರಡು ಗಂಟೆಯ ನೆನೆ ಸಾಕು. ಗಜ್ಜರಿಯನ್ನೂ ಬೀಟ್‌ರೂಟನ್ನೂ ಆದಷ್ಟು ನುಣ್ಣಗೆ ತುರಿದು ತೆಂಗಿನ ತುರಿ ಬೆರೆಸಬೇಕು. ಗಜ್ಜರಿಯ ಕೆರೋಟಿನ್ ಕೊಬ್ಬಿನ ಜೊತೆಯಿಲ್ಲದೆ ಸರಿಯಾಗಿ ಜೀರ್ಣವಾಗದು. ನಿಜ ಹೇಳಬೇಕೆಂದರೆ ಬೇಯಿಸಿದ ಗಜ್ಜರಿಯಿಂದಲೇ ಅದು ಹೆಚ್ಚಾಗಿ ದಕ್ಕುತ್ತದೆ. ಹಸಿಯದೆಲ್ಲ ಮೇಲೆಂಬ ಹಟ ಸಲ್ಲದು.

ನೆನೆದ ಕಡಲೆಕಾಯಿ ಬೀಜ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪುಗಳನ್ನು ಒರಳಿನಲ್ಲಿ ರುಬ್ಬಿದರೆ ಒಳ್ಳೆಯ ಚಟ್ನಿ. ಮಜ್ಜಿಗೆಯ ಸ್ಥಾನಕ್ಕೆ ಶುಂಠಿ ಬೆರೆಸಿದ ತೆಂಗಿನ ಹಾಲು. ಬಾಳೆಹಣ್ಣಿನ ರಸಾಯನಕ್ಕೆ ಬೆಲ್ಲವನ್ನು ಹಾಕುವಂತಿಲ್ಲ, ಅದು ಕುದಿಸಿದ ಕಬ್ಬಿನ ಹಾಲು, ಖರ್ಜೂರ ಬೇಕು. ಅವಲಕ್ಕಿಯೂ ಶಾಖ ಕಂಡ ಪದಾರ್ಥವೇ. ಉಪ್ಪನ್ನು ಬಡಿಸುವ ಮುನ್ನವಷ್ಟೇ ಹಾಕಬೇಕು. ಇಲ್ಲವಾದರೆ ತರಕಾರಿಯೆಲ್ಲ ನೀರೊಡೆಯುತ್ತದೆ.

ಹಾಲನ್ನು ಶಾಶ್ವತವಾಗಿ ಬಿಟ್ಟವರಿಗೆ ಬಿ-12 ಜೀವಸತ್ವದ ಕೊರತೆ ತಪ್ಪದು. ಯಾವ ತರಕಾರಿಯೂ ಅದನ್ನು ತುಂಬಿಕೊಡಲಾರದು. ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಬೇಕು.

ಮುಖ್ಯವಾದ ಭಯ ಬೇರೊಂದಿದೆ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿತೆನ್ನಲಾದ ರೋಗಾಣುವಿಗೆ 50ಕ್ಕೂ ಹೆಚ್ಚು ಮಂದಿ ಬಲಿಯಾದರು. ಮೊಳಕೆಗೆ ಬೇಕಾದ ತೇವ ಮತ್ತು ಬೆಚ್ಚನೆಯ ಹವೆ ರೋಗಾಣುಗಳಿಗೂ ಪ್ರಿಯವೇ. ಚರಂಡಿಯ ನೀರುಂಡು ಬೆಳೆದ ಸೊಪ್ಪಿನಲ್ಲಿ ಲಾಡಿಹುಳುವಿನ ಮೊಟ್ಟೆಗಳೂ ಇರಬಹುದು. ಸೊಪ್ಪನ್ನು ಎಲೆಯೆಲೆಯಾಗಿ ಬಿಡಿಸಿ ಹಲವು ನೀರಿನಲ್ಲಿ ತೊಳೆಯಬೇಕು. ಬೇರು ತರಕಾರಿಗಳ ಸಿಪ್ಪೆ ಹೆರೆಯಬೇಕು. ಹುರುಳಿಕಾಯಿಯನ್ನೂ ರಾಜಮಾ ಕಾಳನ್ನೂ ಹಸಿಯಾಗಿ ಮುಟ್ಟಲೇಬಾರದು, ಅವುಗಳಲ್ಲಿ ಬೇಯಿಸಿದಲ್ಲದೆ ಅಳಿಯದ ವಿಷಾಂಶವಿದೆ.

ಬಸುರಿಯರಿಗೆ, ಎಳೆಯ ಮಕ್ಕಳಿಗೆ, ವೃದ್ಧರಿಗೆ ಮೊಳಕೆಯನ್ನು ಚೆನ್ನಾಗಿ ಬೇಯಿಸಿಯೇ ಬಡಿಸಬೇಕು. ಒಲೆ ಹೇಗೂ ಹೊತ್ತಿತಲ್ಲವೆಂದು ಪಕ್ಕದಲ್ಲಿ ಒಂದು ಹಿಡಿ ಅಕ್ಕಿಯನ್ನೂ ಇಟ್ಟುಬಿಡುವ ಗೃಹಿಣಿಯರುಂಟು. ಮನೆಯಲ್ಲಿ ಅತ್ತೆಯವರಿದ್ದರೆ ಅವರಿಗದು ತಿಳಿದೇ ಇರುತ್ತದೆ.