ಹೊಸ ಕೈಗಳಲ್ಲಿ ಬೆಳಕಿನ ಕತ್ತಿ

'ಸ್ಟಾರ್ ವಾರ್ಸ್' ಚಿತ್ರದ ಬೆಳಕಿನ ಕತ್ತಿಗಳನ್ನು ನೀವು ನೋಡಿರಬಹುದು. 1977ರ ಆ ಚಿತ್ರಕ್ಕೆ ಜಪಾನಿನ ಅಕಿರಾ ಕುರೊಸಾವಾ ಅವರ 'ದಿ ಹಿಡನ್ ಫೋರ್ಟ್ರೆಸ್' (1958) ಸ್ಫೂರ್ತಿಯೆಂದು ನಿರ್ದೇಶಕ ಜಾರ್ಜ್ ಲ್ಯೂಕಾಸ್ ಅವರೇ ಒಪ್ಪಿದ್ದಾರೆ. 2021ರಲ್ಲಿ ಆ ಸಾಲ ಬಡ್ಡಿ ಸಮೇತ ತೀರಿತೆನ್ನಿ. 'ಸ್ಟಾರ್ ವಾರ್ಸ್: ವಿಷನ್ಸ್' ಮಾಲಿಕೆಗಾಗಿ ಜಪಾನಿನ ಏಳು ಸ್ಟುಡಿಯೋಗಳು ಒಂಬತ್ತು ಕಿರು ಆನಿಮೇಷನ್ ಚಿತ್ರಗಳನ್ನು ರಚಿಸಿದವು. ಮೂಲಕಥೆಯ ಘಟನೆಗಳಿಗೆ ಕಟ್ಟುಬೀಳಬೇಕೆಂಬ ನಿಯಮವಿರಲಿಲ್ಲ.

ಈ ಸ್ವಾತಂತ್ರ್ಯದಿಂದ ಆದದ್ದೇನು? 'ದಿ ಡ್ಯುಯೆಲ್' ಹಳೆಯ ಸಮುರಾಯ್ ಚಿತ್ರಗಳಂತೆ ಕಪ್ಪು-ಬಿಳುಪು. ಕತ್ತಿಯ ಅಲಗಿನಂಥ ಬೆಳಕುಗಳಿಗಷ್ಟೇ ಬಣ್ಣ. ಹಾಗಾಗಿ ನಿಮ್ಮ ಕಣ್ಣು ಅಲ್ಲಿಂದ ಕದಲುವುದಿಲ್ಲ. 'ದಿ ನೈಂತ್ ಜೆಡೈ'ನಲ್ಲಿ ಕತ್ತಿಯ ಬಣ್ಣವೇ ಹಿಡಿದವರ ಮನಸ್ಸನ್ನು ಹೇಳುತ್ತದೆ. ಸಜ್ಜನರಂತೆ ಬಂದವರ ಕೈಯಲ್ಲಿ ಅದು ಕೆಂಪಾದರೆ ಗುಟ್ಟು ರಟ್ಟು! (ಬೆಳಕು ಮೂರಡಿ ಸಾಗಿ ಗಾಳಿಯಲ್ಲಿ ನಿಲ್ಲದೆಂದು ಭೌತಶಾಸ್ತ್ರ ಓದುವ ನೀವು ಆಕ್ಷೇಪಿಸಬಹುದು. ಸರಿಯೇ. ಆದರೆ ಇಲ್ಲಿ ಕತ್ತಿ ಆಯುಧಕ್ಕಿಂತ ಹೆಚ್ಚಾಗಿ ಒಂದು ಪಾತ್ರ.)

2023ರ ಎರಡನೆಯ ಕಂತಿನಲ್ಲಿ ಹಲವು ದೇಶಗಳು ಸೇರಿದವು. ಭಾರತದ ಪರವಾಗಿ '88 ಪಿಕ್ಚರ್ಸ್' ಸ್ಟುಡಿಯೋ 'ದಿ ಬ್ಯಾಂಡಿಟ್ಸ್ ಆಫ್ ಗೋಲಕ್' ತಯಾರಿಸಿತು. ಅಣ್ಣನೊಬ್ಬ ತಂಗಿಯ ಅಪೂರ್ವ ಶಕ್ತಿಯನ್ನು ಸೈನಿಕರಿಂದ ಮರೆಮಾಚುತ್ತ ಊರು ಬಿಟ್ಟು ರೈಲಿನಲ್ಲಿ ಓಡಿಹೋಗುತ್ತಾನೆ. ಕೊನೆಗೆ ಅವರು ಆಸರೆ ಹುಡುಕಿ ಬರುವುದು ಎಲ್ಲಿಗೆ ಗೊತ್ತೇ? ನಮ್ಮ ಹೆದ್ದಾರಿಗಳಲ್ಲಿ ಇರುವಂಥದೇ ಒಂದು ಢಾಬಾಕ್ಕೆ.