ಬೆಂಕಿಗೆ ಯಾರು ಹತ್ತಿರ: ಪೆಟ್ರೋಲೋ, ಬ್ಯಾಟರಿಯೋ?

ಪೆಟ್ರೋಲ್ ಬಂಕಿನಲ್ಲಿ 'ಧೂಮಪಾನ ನಿಷೇಧಿಸಲಾಗಿದೆ' ಎಂಬ ಫಲಕವನ್ನು ಓದುತ್ತಲೇ ನಾವೆಲ್ಲ ದೊಡ್ಡವರಾದವರು. ಪೆಟ್ರೋಲಿಗೂ ಬೆಂಕಿಗೂ ಇರುವ ನಂಟು ಮಕ್ಕಳಿಗೂ ಗೊತ್ತು. ಆದರೂ ಟ್ಯಾಂಕಿನ ತುಂಬ ಪೆಟ್ರೋಲ್ ಹಾಕಿಸಿಕೊಂಡು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಅದೇ ವಿದ್ಯುತ್ ವಾಹನ ಕೊಳ್ಳುವ ಮಾತು ಬರಲಿ, ಮನೆಯ ಹಿರಿಯರ ಮೊದಲ ಪ್ರಶ್ನೆ ಸಿದ್ಧ: 'ಅದಕ್ಕೆ ಬೆಂಕಿ ಹತ್ತಿಕೊಳ್ಳುತ್ತದಂತಲ್ಲ?'

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಒಂದರ ಹಿಂದೊಂದು ಹೊತ್ತಿ ಉರಿದವು. ಪುಣೆಯ ರಸ್ತೆ ಬದಿಯಲ್ಲಿ ನಿಂತಿದ್ದ ಸ್ಕೂಟರೊಂದು ಹೊಗೆಯುಗುಳಿ ಧಗಧಗಿಸಿದ ದೃಶ್ಯವನ್ನು ಇಡೀ ದೇಶವೇ ಕಂಡಿತು. ಹಾಗಾದರೆ ಬ್ಯಾಟರಿ ವಾಹನ ಪೆಟ್ರೋಲ್ ವಾಹನಕ್ಕಿಂತ ಹೆಚ್ಚು ಅಪಾಯಕಾರಿಯೇ?

ಲೆಕ್ಕ ಹೇಳುವುದೇನು?

ಬೆಂಕಿ ಅನಾಹುತಗಳನ್ನು ವಾಹನದ ಬಗೆಗೆ ತಕ್ಕಂತೆ ವಿಂಗಡಿಸಿ ಲೆಕ್ಕವಿಟ್ಟ ದೇಶಗಳು ಕಡಿಮೆ. ಅಂಥ ದೇಶಗಳಲ್ಲಿ ಸ್ವೀಡನ್ ಒಂದು. ಅಲ್ಲಿನ ಸರ್ಕಾರಿ ತುರ್ತು ಪರಿಹಾರ ಸಂಸ್ಥೆಯ ಪ್ರಕಾರ 2022ರಲ್ಲಿ ಆ ದೇಶದಲ್ಲಿದ್ದ ವಿದ್ಯುತ್ ಹಾಗೂ ಹೈಬ್ರಿಡ್ ಕಾರುಗಳು ಸುಮಾರು 6 ಲಕ್ಷ 11 ಸಾವಿರ. ಬೆಂಕಿಗೆ ತುತ್ತಾದವು 23. ಪೆಟ್ರೋಲ್, ಡೀಸೆಲ್ ಕಾರುಗಳು ಸುಮಾರು 44 ಲಕ್ಷ. ಅವುಗಳಲ್ಲಿ ವರ್ಷಕ್ಕೆ ಸುಮಾರು 3,400ಕ್ಕೆ ಬೆಂಕಿ ಬೀಳುತ್ತಿತ್ತು. ಅಂದರೆ ವಿದ್ಯುತ್ ಕಾರುಗಳಲ್ಲಿ ಸುಮಾರು 26 ಸಾವಿರಕ್ಕೆ ಒಂದು, ಇಂಧನದ ಕಾರುಗಳಲ್ಲಿ 1,300ಕ್ಕೆ ಒಂದು. ಅಂತರ ಇಪ್ಪತ್ತು ಪಟ್ಟು!

ಈ ಲೆಕ್ಕವನ್ನು ಹಾಗೆಯೇ ನುಂಗುವಂತಿಲ್ಲ. ಪೆಟ್ರೋಲ್ ಕಾರುಗಳಲ್ಲಿ ಹಳೆಯವು ಹೆಚ್ಚು, ವಿದ್ಯುತ್ ಕಾರುಗಳು ಬಹುಪಾಲು ಹೊಸವು. ಕಿಡಿಗೇಡಿಗಳು ಬೇಕೆಂದೇ ಹಚ್ಚಿದ ಬೆಂಕಿಯೂ ಇದರಲ್ಲಿ ಸೇರಿದೆ. ಆದರೂ ಅಂತರ ಇಷ್ಟು ದೊಡ್ಡದಿರುವಾಗ, 'ವಿದ್ಯುತ್ ಕಾರು ಎಂದರೆ ಬೆಂಕಿಯ ಉಂಡೆ' ಎಂಬ ಮಾತು ನಿಲ್ಲುವುದಿಲ್ಲ.

ಪೆಟ್ರೋಲ್, ಡೀಸೆಲ್‌ ಬೆಂಕಿ ನಮಗೆಷ್ಟು ಅಭ್ಯಾಸವಾಗಿದೆಯೆಂದರೆ ಅದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಮೆಹಬೂಬ್‌ನಗರ ಬಳಿಯ ಪಾಲೆಂ ಎಂಬಲ್ಲಿ ಸೇತುವೆಗೆ ಬಡಿದು ಹೊತ್ತಿಕೊಂಡಾಗ 45 ಮಂದಿ ಸುಟ್ಟು ಹೋದರು. ಅದರಲ್ಲಿದ್ದುದು ಡೀಸೆಲ್. 2023ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲೂಟನ್ ವಿಮಾನ ನಿಲ್ದಾಣದ ವಾಹನ ನಿಲುಗಡೆ ಕಟ್ಟಡದಲ್ಲಿ 1,400ಕ್ಕೂ ಹೆಚ್ಚು ವಾಹನಗಳು ನಾಶವಾದವು. 'ವಿದ್ಯುತ್ ಕಾರೇ ಕಾರಣ' ಎಂಬ ಗುಲ್ಲು ಊರೆಲ್ಲ ಹಬ್ಬಿತು. ಆದರೆ ಬೆಂಕಿ ಶುರುವಾದದ್ದು ಡೀಸೆಲ್ ವಾಹನದಲ್ಲಿ ಎಂದು ಅಗ್ನಿಶಾಮಕ ಇಲಾಖೆ ಹೇಳಿತು.

ಎರಡು ಬೆಂಕಿ, ಎರಡು ಸ್ವಭಾವ

ಹೊತ್ತಿಕೊಳ್ಳುವುದು ಅಪರೂಪ ಎಂದ ಮಾತ್ರಕ್ಕೆ ಬ್ಯಾಟರಿಯ ಬೆಂಕಿ ಸಾಧು ಎಂದಲ್ಲ. ಪೆಟ್ರೋಲಿಗೆ ಬೆಂಕಿ ಹೊರಗಿನಿಂದ ಬರಬೇಕು. ಸೋರುವ ಪೈಪು, ಇಲಿ ಕಡಿದ ವೈರು, ಕಾದ ಸೈಲೆನ್ಸರು ಯಾವುದಾದರೂ ಒಂದು ನೆಪ ಬೇಕು. ಗಾಳಿ ಸಿಗದಂತೆ ನೊರೆ ಮುಚ್ಚಿದರೆ ಅದು ಆರುತ್ತದೆ.

ಲಿಥಿಯಂ ಅಯಾನ್ ಬ್ಯಾಟರಿಯ ಕಥೆ ಬೇರೆ. ಅದು ನೂರಾರು, ಕೆಲವೊಮ್ಮೆ ಸಾವಿರಾರು ಸಣ್ಣ ಕೋಶಗಳ ಗೂಡು. ಒಂದೊಂದು ಕೋಶದಲ್ಲೂ ಧನ, ಋಣ ಧ್ರುವಗಳ ನಡುವೆ ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಪರದೆ. ಸುತ್ತ ಹೊತ್ತಿಕೊಳ್ಳುವ ಗುಣದ ದ್ರಾವಣ. ಪೆಟ್ಟು ಬಿದ್ದೋ, ನೀರು ಹೊಕ್ಕೋ, ಅತಿಯಾಗಿ ಚಾರ್ಜ್ ಆಗಿಯೋ, ತಯಾರಿಕೆಯ ದೋಷದಿಂದಲೋ ಆ ಪರದೆ ಹರಿದರೆ ಒಳಗೇ ಶಾರ್ಟ್ ಸರ್ಕ್ಯೂಟ್. ಕೋಶ ಕಾಯುತ್ತದೆ, ಕಾದಷ್ಟೂ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ, ಚುರುಕಾದಷ್ಟೂ ಮತ್ತೆ ಕಾಯುತ್ತದೆ. ಒಂದು ಕೋಶದ ಕಾವು ಪಕ್ಕದ ಕೋಶಕ್ಕೆ ದಾಟಿದರೆ ಮುಗಿಯಿತು, ಪಟಾಕಿ ಸರಕ್ಕೆ ಕಿಡಿ ತಾಗಿದಂತೆ.

ಈ ಕ್ರಿಯೆಯನ್ನು ಗಾಳಿ ತಡೆದು ನಿಲ್ಲಿಸಲಾಗದು. ಎಡೆಬಿಡದೆ ನೀರು ಸುರಿದು ತಣ್ಣಗಾಗಿಸುವುದೊಂದೇ ಮುಖ್ಯ ಉಪಾಯ. ಆರಿತೆಂದು ಕೈ ತೊಳೆದುಕೊಂಡ ಬೆಂಕಿ ಗಂಟೆಗಳ ಮೇಲೆ, ಕೆಲವೊಮ್ಮೆ ದಿನಗಳ ಮೇಲೆ ಮತ್ತೆ ಏಳಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲಗಳ ದಟ್ಟ ಹೊಗೆ ಕ್ಷಣಾರ್ಧದಲ್ಲಿ ತುಂಬಿಕೊಳ್ಳುತ್ತದೆ. ಕಬ್ಬಿಣದ ಫಾಸ್ಫೇಟ್ ಬಳಸುವ ಬ್ಯಾಟರಿಗಳು ನಿಕ್ಕಲ್, ಕೋಬಾಲ್ಟ್ ಬ್ಯಾಟರಿಗಳಿಗಿಂತ ಹೆಚ್ಚು ಕಾವು ತಾಳುತ್ತವೆ. ಆದರೆ ಪೂರ್ತಿ ನಿರಪಾಯಕಾರಿ ಬ್ಯಾಟರಿ ಎಂಬುದಿಲ್ಲ.

ರಸ್ತೆಯಲ್ಲಲ್ಲ, ಮನೆಯೊಳಗೆ

ನಿಜವಾಗಿ ಯೋಚಿಸಬೇಕಾದ ಸಂಗತಿ ಇಲ್ಲಿದೆ. ಪೆಟ್ರೋಲ್ ವಾಹನಕ್ಕೆ ಇಂಧನ ತುಂಬಿಸುವುದು ಬಂಕಿನಲ್ಲಿ. ಅಲ್ಲಿ ಮರಳಿನ ಬಕೆಟ್ ಇದೆ, ಅಗ್ನಿಶಾಮಕ ಸಿಲಿಂಡರ್ ಇದೆ, ತೆರೆದ ಬಯಲಿದೆ. ವಿದ್ಯುತ್ ವಾಹನಕ್ಕೆ ಶಕ್ತಿ ತುಂಬಿಸುವುದು ನಮ್ಮ ಮನೆಯಲ್ಲಿ, ಅದೂ ಬಹುಮಟ್ಟಿಗೆ ನಾವು ಮಲಗಿರುವಾಗ.

2022ರ ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಮನೆಯಲ್ಲಿ ಚಾರ್ಜಿಗೆ ಇಟ್ಟಿದ್ದ ಸ್ಕೂಟರ್ ಹೊತ್ತಿಕೊಂಡಾಗ ತಂದೆ, ಮಗಳು ಇಬ್ಬರೂ ಹೊಗೆಯಲ್ಲಿ ಉಸಿರುಗಟ್ಟಿ ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ಕೆಳಗೆ ವಿದ್ಯುತ್ ಸ್ಕೂಟರ್ ಮಳಿಗೆ, ಮೇಲೆ ವಸತಿಗೃಹ ಇದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಎಂಟು ಮಂದಿ ಸತ್ತರು. 2024ರ ನವೆಂಬರಿನಲ್ಲಿ ಬೆಂಗಳೂರಿನ ರಾಜಾಜಿನಗರದ ಸ್ಕೂಟರ್ ಮಳಿಗೆಯೊಂದರಲ್ಲಿ ಬೆಂಕಿಯ ನಡುವೆ ಸಿಕ್ಕಿಕೊಂಡ 20 ವರ್ಷದ ಉದ್ಯೋಗಿ ಹೊರಬರಲಾಗದೆ ಪ್ರಾಣ ಬಿಟ್ಟಳು. ಮೂರೂ ಕಡೆ ಬೆಂಕಿ ಬಿದ್ದದ್ದು ನಾಲ್ಕು ಗೋಡೆಗಳ ನಡುವೆ, ಸಿಕ್ಕಿಕೊಂಡವರಿಗೆ ಹೊರದಾರಿ ಇಲ್ಲದ ಕಡೆ.

2024ರ ಆಗಸ್ಟಿನಲ್ಲಿ ದಕ್ಷಿಣ ಕೊರಿಯಾದ ಇಂಚಿಯಾನ್ ನಗರದ ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಿ ಚಾರ್ಜಿಗೂ ಹಾಕದೆ ಸುಮ್ಮನೆ ನಿಲ್ಲಿಸಿದ್ದ ವಿದ್ಯುತ್ ಕಾರೊಂದು ಹೊತ್ತಿಕೊಂಡು ಸುಮಾರು 140 ಕಾರುಗಳಿಗೆ ಹಾನಿಯಾಯಿತು. ತಾನಾಗಿ ನೀರು ಚಿಮ್ಮಬೇಕಿದ್ದ ಸ್ಪ್ರಿಂಕ್ಲರನ್ನು ಶುರುವಿನಲ್ಲೇ ನಿಲ್ಲಿಸಿಬಿಟ್ಟಿದ್ದರು. ಬೆಂಕಿ ಇಷ್ಟು ಬೆಳೆಯಲು ಅದೂ ಕಾರಣವಾಯಿತು.

ಕೇಂದ್ರ ಸರ್ಕಾರ 2022ರ ದುರಂತಗಳ ನಂತರ ಬ್ಯಾಟರಿ ಸುರಕ್ಷತಾ ನಿಯಮಗಳನ್ನು ಬಿಗಿಗೊಳಿಸಿತು. ಎಐಎಸ್ 156 ಎಂಬ ಮಾನದಂಡದ ತಿದ್ದುಪಡಿಗಳು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಅಂತ್ಯದಿಂದ ಎರಡು ಹಂತಗಳಲ್ಲಿ ಜಾರಿಗೆ ಬಂದವು. ಬ್ಯಾಟರಿಯೊಳಗೆ ನೀರು ಹೋಗದಂತೆ ರಕ್ಷಣೆ, ಕಾವೇರಿದರೆ ಎಚ್ಚರಿಸುವ ವ್ಯವಸ್ಥೆ ಮುಂತಾದವು ಕಡ್ಡಾಯವಾದವು. ಅದಕ್ಕೂ ಮೊದಲು ಮಾರಾಟವಾದ ಸ್ಕೂಟರುಗಳ ಮಾಲೀಕರು ಹೆಚ್ಚು ಎಚ್ಚರದಿಂದಿರುವುದು ಒಳ್ಳೆಯದು.

ನಾವೇನು ಮಾಡಬಹುದು?

ಮೊದಲನೆಯದಾಗಿ, ಮನೆಯಿಂದ ಹೊರಬರಲು ಇರುವ ಒಂದೇ ಬಾಗಿಲಿನ ಬಳಿ ಅಥವಾ ಮಹಡಿ ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕಬೇಡಿ. ನಮ್ಮ ಊರುಗಳಲ್ಲಿ ಸ್ಕೂಟರ್ ನಿಲ್ಲಿಸುವ ಜಾಗ ಸಾಮಾನ್ಯವಾಗಿ ಅದೇ! ಬಿಚ್ಚಿ ತರುವ ಬ್ಯಾಟರಿಯನ್ನು ಮಲಗುವ ಕೋಣೆಯಲ್ಲಿ ಇಡಬೇಡಿ. ವಾಹನದೊಂದಿಗೆ ಬಂದ ಚಾರ್ಜರನ್ನೇ ಬಳಸಿ. ಅರ್ಥಿಂಗ್ ಸರಿಯಿರುವ ದೊಡ್ಡ ಪ್ಲಗ್ಗಿಗೇ ಹಾಕಿ. ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರು ಇಳಿಬಿಡುವ ಪರಿಪಾಠ ಬೇಡ. ಬಿಸಿಲಲ್ಲಿ ಓಡಿಸಿ ಬಂದ ಗಾಡಿ ತುಸು ತಣಿಯಲಿ. ಬಿದ್ದ ಗಾಡಿಯನ್ನು, ಮಳೆನೀರಲ್ಲಿ ಮುಳುಗಿದ ಗಾಡಿಯನ್ನು ಪರೀಕ್ಷೆ ಮಾಡಿಸದೆ ಚಾರ್ಜಿಗೆ ಹಾಕಬೇಡಿ. ಬ್ಯಾಟರಿ ಉಬ್ಬಿದರೆ, ಬುಸ್ಸೆಂದು ಸದ್ದು ಮಾಡಿದರೆ, ವಿಚಿತ್ರ ವಾಸನೆ ಬಂದರೆ ಆರಿಸುವ ಸಾಹಸ ಬೇಡ. ಮನೆಮಂದಿಯನ್ನೆಲ್ಲ ಹೊರಗೆ ಕರೆತಂದು 101 ಅಥವಾ 112ಕ್ಕೆ ಫೋನ್ ಮಾಡಿ.

ಪೆಟ್ರೋಲ್ ಗಾಡಿಯವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಪೆಟ್ರೋಲ್ ವಾಸನೆ ಬಂದರೆ ಅಂದೇ ತೋರಿಸಿ; ಕಂಡಕಂಡಲ್ಲಿ ವೈರು ಕತ್ತರಿಸಿ ಹೆಚ್ಚುವರಿ ದೀಪ, ಹಾರ್ನ್ ಹಾಕಿಸಬೇಡಿ.

ವಿದ್ಯುತ್ ವಾಹನ ಕೊಳ್ಳಬೇಕೋ ಬೇಡವೋ ಎಂದು ಬೆಂಕಿಯ ಭಯದಿಂದ ನಿರ್ಧರಿಸುವ ಅಗತ್ಯವಿಲ್ಲ. ಲೆಕ್ಕ ಅದರ ಪರವಾಗಿಯೇ ಇದೆ. ಕೊಳ್ಳುವ ಮೊದಲು ನಿರ್ಧರಿಸಬೇಕಾದ್ದು ಅದನ್ನು ರಾತ್ರಿ ಎಲ್ಲಿ ನಿಲ್ಲಿಸುತ್ತೇವೆ, ಅದಕ್ಕೇನಾದರೂ ಆದರೆ ಮನೆಯವರು ಯಾವ ದಾರಿಯಿಂದ ಹೊರಬರುತ್ತಾರೆ ಎಂಬುದನ್ನು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಡುವುದಕ್ಕಿಂತ ಇಂದೇ ಮೆಟ್ಟಿಲ ಕೆಳಗಿನ ಪ್ಲಗ್ಗನ್ನು ಹೊರಗೋಡೆಗೆ ಬದಲಾಯಿಸುವುದು ಸುಲಭ.